ಎಳೆಯ ಮಕ್ಕಳ ಫ್ಲೂ ಜ್ವರಕ್ಕೆ ಒಸೆಲ್ಟಾಮಿವಿರ್ ಕೊಡುವ ಕ್ರಮ

ಎಳೆಯ ಮಕ್ಕಳ ನೆಗಡಿ, ಕೆಮ್ಮು, ಜ್ವರಗಳಲ್ಲಿ ಹೆಚ್ಚಿನವು ವೈರಸ್‌ಗಳಿಂದಲೇ ಬರುತ್ತವೆಯಾದರೂ, ಮನೆಯಲ್ಲಿ ಕುಡಿಸುವ ಒಸೆಲ್ಟಾಮಿವಿರ್ ಎಂಬ ಔಷಧಿ ಕೆಲಸ ಮಾಡುವುದು ಫ್ಲೂ ತರುವ ಇನ್‌ಫ್ಲುಯೆಂಜಾ ವೈರಸ್‌ನ ಮೇಲೆ ಮಾತ್ರ. ಕೂಸುಗಳಿಗೆ ಉಬ್ಬಸದಂತಹ ತೊಂದರೆ ತರುವ ಇನ್ನೊಂದು ವೈರಸ್ ಆದ ಆರ್‌ಎಸ್‌ವಿ ಸೋಂಕಿಗೆ ಇದರಿಂದ ಪ್ರಯೋಜನವಿಲ್ಲ. ಅಲ್ಲಿ ಮೂಗು ಕಟ್ಟದಂತೆ ನೋಡಿಕೊಳ್ಳುವುದು, ಹಾಲು ತಪ್ಪದಂತೆ ಕುಡಿಸುವುದು, ಬೇಕಾದರೆ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಡುವುದೇ ಚಿಕಿತ್ಸೆ. ಹಾಗಾಗಿ ಈ ಔಷಧಿ ಬೇಕೇ ಬೇಡವೇ ಎಂಬುದನ್ನು ಮಕ್ಕಳ ವೈದ್ಯರೇ ನಿರ್ಧರಿಸಬೇಕು.

ಅವರ ಬಳಿಗೆ ಬೇಗ ಹೋಗುವುದು ಮಾತ್ರ ನಮ್ಮ ಕೈಯಲ್ಲಿದೆ. ಲಕ್ಷಣ ಕಾಣಿಸಿದ 48 ಗಂಟೆಯೊಳಗೆ ಆರಂಭಿಸಿದರೆ ಔಷಧಿಯ ಫಲ ಹೆಚ್ಚು. ಆರೋಗ್ಯವಂತ ಮಗುವಿನಲ್ಲಿ ಕಾಯಿಲೆಯ ಅವಧಿ ಸುಮಾರು ಒಂದು ದಿನ ಕಡಿಮೆಯಾಗಬಹುದು, ಅಷ್ಟೆ; ಆದರೆ ಎರಡು ವರ್ಷದೊಳಗಿನವರಿಗೆ, ಆಸ್ತಮಾ ಅಥವಾ ಹೃದಯದ ತೊಂದರೆ ಇರುವವರಿಗೆ ಫ್ಲೂ ಉಲ್ಬಣಿಸುವ ಅಪಾಯ ಹೆಚ್ಚಿರುವುದರಿಂದ, ಪರೀಕ್ಷೆಯ ವರದಿ ಬರುವ ಮೊದಲೇ ವೈದ್ಯರು ಇದನ್ನು ಆರಂಭಿಸುವುದುಂಟು. ಆಸ್ಪತ್ರೆಗೆ ಸೇರಿಸಬೇಕಾದ ಮಗುವಿಗೆ 48 ಗಂಟೆ ಮೀರಿದ್ದರೂ ಕೊಡುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಅಳತೆಯಲ್ಲಿ. ದಿನ ತುಂಬಿ ಹುಟ್ಟಿ, ಎರಡು ವಾರ ದಾಟಿದ, ಒಂದು ವರ್ಷದೊಳಗಿನ ಕೂಸಿಗೆ ಸಾಮಾನ್ಯವಾಗಿ ತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಐದು ದಿನ ಕೊಡಲಾಗುತ್ತದೆ. ಒಂದು ವರ್ಷ ದಾಟಿದ, 15 ಕಿಲೋವರೆಗಿನ ಮಗುವಿಗೆ ಪ್ರತಿ ಸಲ 30 ಮಿಲಿಗ್ರಾಂ. ಎಂಟು ಕಿಲೋ ತೂಗುವ ಹತ್ತು ತಿಂಗಳ ಕೂಸಿಗೆ ಪ್ರತಿ ಸಲ 24 ಮಿಲಿಗ್ರಾಂ ಬೇಕು ಎಂದುಕೊಳ್ಳಿ. ಮಿಲಿಲೀಟರಿಗೆ 12 ಮಿಲಿಗ್ರಾಂ ಇರುವ ಸಿರಪ್ಪಿನಲ್ಲಿ ಅದು 2 ಮಿಲಿಲೀಟರ್, 6 ಮಿಲಿಗ್ರಾಂ ಇರುವುದರಲ್ಲಿ 4 ಮಿಲಿಲೀಟರ್. ಸೀಸೆ ಬದಲಾದರೆ ಅಳತೆಯೂ ಬದಲಾಗುವುದರಿಂದ, ಚೀಟಿಯಲ್ಲಿ ಮಿಲಿಗ್ರಾಂ, ಮಿಲಿಲೀಟರ್ ಎರಡೂ ಲೆಕ್ಕ ಬರೆಸಿಕೊಂಡು ಲೇಬಲ್ಲಿನೊಂದಿಗೆ ಹೋಲಿಸಿ ನೋಡಿ. ಅವಧಿಗೆ ಮುನ್ನ ಹುಟ್ಟಿದ ಕೂಸಿಗೂ ಮೂತ್ರಪಿಂಡದ ತೊಂದರೆ ಇರುವ ಮಗುವಿಗೂ ಪ್ರಮಾಣವೇ ಬೇರೆ. ಇದನ್ನು ವೈದ್ಯರಿಗೆ ಮೊದಲೇ ತಿಳಿಸಿ.

ಒಳಲೆಯಲ್ಲಾಗಲಿ ಅಡುಗೆಮನೆಯ ಚಮಚದಲ್ಲಾಗಲಿ ಅಳೆಯಬೇಡಿ. ಸೂಜಿಯಿಲ್ಲದ ಸಿರಿಂಜನ್ನೇ ಬಳಸಿ. ಸೀಸೆಯನ್ನು ಚೆನ್ನಾಗಿ ಕುಲುಕಿ, ಮಗುವನ್ನು ತುಸು ಎತ್ತಿ ಕೂರಿಸಿಕೊಂಡು, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಡಿ. ವಾಂತಿಯೇ ಇದರ ಮುಖ್ಯ ಅಡ್ಡಪರಿಣಾಮ. ಹಾಲು ಅಥವಾ ಊಟದ ಜೊತೆ ಕೊಟ್ಟರೆ ಅದು ಕಡಿಮೆಯಾಗುತ್ತದೆ. ಕುಡಿಸಿದೊಡನೆ ಕಕ್ಕಿಕೊಂಡರೆ ನೀವಾಗಿಯೇ ಮತ್ತೆ ಕೊಡದೆ ವೈದ್ಯರನ್ನು ಕೇಳಿ. ಎರಡನೇ ದಿನವೇ ಜ್ವರ ಇಳಿದರೂ ಐದು ದಿನ ಪೂರ್ತಿ ಮಾಡಿ. ಜ್ವರಕ್ಕೆಂದು ಆಸ್ಪಿರಿನ್ ಮಾತ್ರ ಕೊಡಲೇಬೇಡಿ. ಫ್ಲೂ ಇರುವ ಮಕ್ಕಳಲ್ಲಿ ಅದು ಮಿದುಳು ಮತ್ತು ಯಕೃತ್ತಿಗೆ ಹಾನಿ ಮಾಡುವ ರೇ ಸಿಂಡ್ರೋಮ್‌ಗೆ ಕಾರಣವಾಗಬಹುದು.

ಔಷಧಿ ನಡೆಯುತ್ತಿರುವಾಗಲೂ ಮಗು ಶಾಂತವಾಗಿರುವ ಹೊತ್ತಿನಲ್ಲಿ ಉಸಿರನ್ನು ಒಂದು ನಿಮಿಷ ಪೂರ್ತಿ ಎಣಿಸಿ. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ, ಪಕ್ಕೆ ಒಳಸೆಳೆದುಕೊಂಡರೆ, ತುಟಿ ನೀಲಿಗಟ್ಟಿದರೆ, ಮಗು ಹಾಲು ಬಿಟ್ಟು ಮಂಕಾದರೆ, ಮುಂದಿನ ಡೋಸಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.