ಹಳೆಯ ಕೋಳಿಗಳ ಜೊತೆ ಹೊಸ ಮರಿಗಳು: ಮೊದಲು ಜಾಲರಿ, ಆಮೇಲೆ ಬಾಗಿಲು

ಗಿರಿರಾಜ ತಳಿಯ ಕೋಳಿಮರಿಗಳನ್ನು ತಂದವರು ಮೊದಲ ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಸಾಕುತ್ತಾರೆ. ಆಮೇಲೆ ಒಂದು ರಾತ್ರಿ ಹಳೆಯ ಕೋಳಿಗಳ ಗೂಡಿಗೆ ತುಂಬಿ ಬಾಗಿಲು ಹಾಕಿಬಿಡುತ್ತಾರೆ. ಕತ್ತಲಲ್ಲಿ ಬಿಟ್ಟರೆ ಗೊತ್ತಾಗುವುದಿಲ್ಲ ಎಂಬ ನಂಬಿಕೆ. ಬೆಳಕು ಹರಿದೊಡನೆ ಹೇಂಟೆಗಳಿಗೆ ಗೊತ್ತಾಗಿಯೇ ಆಗುತ್ತದೆ; ನೆತ್ತಿಯ ತುಪ್ಪಳ ಕಿತ್ತು ರಕ್ತ ಬಂದ ಮರಿ ಮೂಲೆ ಹಿಡಿದಿರುತ್ತದೆ. ರಕ್ತ ಕಂಡರೆ ಉಳಿದವೂ ಅಲ್ಲಿಗೇ ಕುಕ್ಕುತ್ತವೆ.

ಮರಿಗಳಿಗೆ ಬಲ್ಬಿನ ಕಾವು ಕೊಡುವ ಹಂತ ಸುಲಭ. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸಿ. ಮರಿಗಳು ಬಲ್ಬಿನಡಿ ಒತ್ತೊತ್ತಾಗಿ ನಿಂತರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ಪಶುವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಹಾಕಿಸಿ. ದಿನದ ಕೆಲಸ ಮರಿಗಳಿಂದ ಶುರುವಾಗಲಿ. ದೊಡ್ಡ ಕೋಳಿಗಳ ಹಿಕ್ಕೆ ತುಳಿದ ಚಪ್ಪಲಿಯಲ್ಲಿ ಮರಿಗಳ ಬಳಿ ಹೋಗಲೇಬೇಡಿ. ರಕ್ತಭೇದಿ ಹಾಗೆಯೇ ದಾಟಿ ಬರುವುದು.

ಆರೇಳು ವಾರಕ್ಕೆ ಗರಿ ತುಂಬಿದ ಮೇಲೆ ಅಂಗಳದ ಒಂದು ಭಾಗಕ್ಕೆ ಜಾಲರಿ ಕಟ್ಟಿ ಮರಿಗಳನ್ನು ಹಗಲು ಅಲ್ಲಿ ಬಿಡಿ. ಎರಡೂ ಕಡೆಯವು ಪರಸ್ಪರ ಕಾಣಬೇಕು, ಕುಕ್ಕಲಾಗಬಾರದು. ಎರಡು ವಾರಕ್ಕೆ ಕಡಿಮೆ ಬೇಡ. ಆರು ಮೂಲೆ ಕಣ್ಣಿನ ತೆಳು ಕೋಳಿ ಜಾಲರಿ ಅಗ್ಗವೆಂದು ತರಬೇಡಿ, ನಾಯಿ ಅದನ್ನು ಹರಿಯುತ್ತದೆ. ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿಯೇ ಸರಿ. ಮುಂಗುಸಿ ತೋಡಿ ನುಗ್ಗದಂತೆ ಜಾಲರಿಯ ಬುಡವನ್ನು ಒಂದಡಿ ಮಣ್ಣಲ್ಲಿ ಹೂಳಿ. ಜಾಲರಿಯ ಎರಡೂ ಪಕ್ಕದಲ್ಲಿ ಒಂದೇ ಹೊತ್ತಿಗೆ ಕಾಳು ಚೆಲ್ಲಿ. ಹೇಂಟೆಗಳು ಜಾಲರಿಗೆ ಎಗರುವುದನ್ನು ಬಿಟ್ಟು ತಮ್ಮ ಪಾಡಿಗೆ ಮೇಯತೊಡಗಿದರೆ ಮುಂದಿನ ಹೆಜ್ಜೆ.

ಆಗ ಜಾಲರಿಯ ಬುಡದಲ್ಲಿ ಒಂದು ಕಿಂಡಿ ಮಾಡಿ: ಮರಿ ನುಸುಳಬೇಕು, ಹೇಂಟೆಯ ಎದೆ ಸಿಕ್ಕಿಕೊಳ್ಳಬೇಕು. ಅಳತೆಯನ್ನು ನಿಮ್ಮ ಕೋಳಿಗಳನ್ನೇ ನೋಡಿ ತೀರ್ಮಾನಿಸಿ. ಅಟ್ಟಿಸಿಕೊಂಡು ಬಂದಾಗ ಓಡಿ ಒಳಸೇರಲು ಜಾಗವಿದ್ದರೆ ಮರಿ ಬದುಕುತ್ತದೆ. ಒಂದೇ ಮರಿಯನ್ನು ಎಂದೂ ಬಿಡಬೇಡಿ, ಎಲ್ಲವನ್ನೂ ಒಟ್ಟಿಗೇ ಬಿಡಿ. ಮೇವಿನ ತಟ್ಟೆ, ನೀರು ಎರಡು ಮೂರು ಕಡೆ ಇರಲಿ. ಒಂದೆರಡು ಕುಕ್ಕು ಸಹಜ, ಮಧ್ಯೆ ಬರಬೇಡಿ. ಕೆಳಗೆ ಬಿದ್ದ ಮರಿಯನ್ನು ಬಿಡದೆ ಕುಕ್ಕುವ ಹೇಂಟೆಯನ್ನು ಮಾತ್ರ ನಾಲ್ಕು ದಿನ ಬೇರೆ ಕೂಡಿಹಾಕಿ. ತಾಯಿಕೋಳಿಯೇ ಮರಿ ಮಾಡಿದ್ದರೆ ಈ ಪಾಡೆಲ್ಲ ಬೇಡ, ಕಾಯುವ ಕೆಲಸ ಅವಳದು.

ಮೇವಿನಲ್ಲೂ ಎಚ್ಚರ. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದಂಶ ಹೆಚ್ಚು, ಅದು ಮರಿಗಳ ಮೂತ್ರಪಿಂಡ ಕೆಡಿಸುತ್ತದೆ. ಒಟ್ಟಿಗೆ ಇರುವಷ್ಟು ದಿನ ಎಲ್ಲಕ್ಕೂ ಬೆಳೆಯುವ ಮರಿಗಳ ಮೇವನ್ನೇ ಹಾಕಿ, ಹೇಂಟೆಗಳಿಗೆ ಸುಣ್ಣದಂಶಕ್ಕೆಂದು ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿಡಿ. ರಾತ್ರಿ ಒಂದೇ ಗೂಡಿಗೆ ಸೇರಿಸುವುದು ಕೊನೆಗೆ, ಹಗಲಿನ ಜಗಳ ತಣ್ಣಗಾದ ಮೇಲೆ. ಮೊದಲ ಕೆಲವು ದಿನ ಬೆಳಕು ಹರಿಯುವ ಮುನ್ನವೇ ಎದ್ದು ಗೂಡಿನ ಬಾಗಿಲು ತೆಗೆಯಿರಿ.