‘ಸಾಯಬೇಕು ಅನ್ನಿಸ್ತಿದೆ’ ಅಂದವರಿಗೆ ನೆರವಾಗುವುದು ಹೇಗೆ?

‘ಸಾಕಾಗಿದೆ, ನಾನಿಲ್ಲದಿದ್ರೇ ಎಲ್ಲರಿಗೂ ಒಳ್ಳೇದು’ ಅಂತ ಯಾರಾದರೂ ಅಂದ ಕೂಡಲೇ ನಮ್ಮ ಮನೆಗಳಲ್ಲಿ ಉಪದೇಶ ಶುರು. ‘ನಿಂಗೇನು ಕಮ್ಮಿ ಆಗಿದೆ?’, ‘ಅಮ್ಮನ ಮುಖ ನೋಡು’. ಅಲ್ಲಿಗೆ ಹೇಳಿದವರು ಬಾಯಿ ಮುಚ್ಚಿಕೊಳ್ಳುತ್ತಾರೆ.

ಮೊದಲ ಹೆಜ್ಜೆ ಕೇಳುವುದು. ಎಲ್ಲರೂ ಎಡವುವುದು ಇಲ್ಲೇ. ಟಿವಿ ಆರಿಸಿ, ನೆಂಟರನ್ನು ಆಚೆ ಕಳಿಸಿ, ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: ‘ಸಾಯಬೇಕು ಅಂತ ಅನ್ನಿಸ್ತಾ ಇದ್ಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅನ್ನುವ ಭಯ ಬೇಡ, ಹಾಗಾಗುವುದಿಲ್ಲ. ಕೇಳಿದ ಮೇಲೆ ಸುಮ್ನಿರಿ. ಉತ್ತರ ಬರಲು ಹೊತ್ತಾದರೂ ನೀವೇ ಮಾತು ತುಂಬಿಸಬೇಡಿ. ‘ಹೌದು’ ಅಂದರೆ ಗಾಬರಿಯಾಗಿ ಕೂಗಾಡಬೇಡಿ, ‘ಹೇಳಿದ್ದು ಒಳ್ಳೇದಾಯ್ತು, ಇನ್ನೂ ಹೇಳು’ ಅನ್ನಿ ಸಾಕು. ‘ಹೇಗೆ, ಯಾವಾಗ ಅಂತ ಯೋಚ್ನೆ ಮಾಡಿದ್ದೀಯಾ?’ ಅಂತಲೂ ಕೇಳಲೇಬೇಕು. ಮಾಡಿದ್ದೇನೆ ಅಂದರೆ ಒಬ್ಬರನ್ನೇ ಬಿಡದೆ, ಬೆಳಗಾಗಲಿ ಅಂತ ಕಾಯದೆ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಆಂಬುಲೆನ್ಸ್‌ಗೆ 108. ‘ಯಾರಿಗೂ ಹೇಳಲ್ಲ’ ಅಂತ ಮಾತ್ರ ಆಣೆ ಮಾಡಬೇಡಿ.

ಅಪಾಯ ಆಗಬಹುದಾದ ವಸ್ತುಗಳಿಗೆ ಬೀಗ ಹಾಕಿ, ಕೀಲಿ ಬೇರೆಯವರ ಹತ್ತಿರ ಇರಲಿ.

ಮೈಮೇಲೆ ತಾವೇ ಗಾಯ ಮಾಡಿಕೊಂಡವರನ್ನು ‘ನಾಟಕ’ ಅಂತ ಹೀಯಾಳಿಸುವುದನ್ನು ನೋಡಿದರೆ ನನಗೆ ಮೈ ಉರಿಯುತ್ತೆ. ಸಾಯುವ ಉದ್ದೇಶ ಇಲ್ಲದಿದ್ದರೂ, ಒಳಗಿನ ನೋವು ತಡೆಯಲಾಗದೆ ಹಾಗೆ ಮಾಡಿಕೊಳ್ಳುವವರು ಇದ್ದಾರೆ. ತೋಳು ಎಳೆದು ‘ತೋರಿಸು’ ಅನ್ನಬೇಡಿ. ಮೊದಲು ಗಾಯಕ್ಕೆ ಡ್ರೆಸಿಂಗ್, ಪ್ರಶ್ನೆ ಆಮೇಲೆ. ಅವರಿಗೂ ಡಾಕ್ಟರ್ ಬೇಕೇ ಬೇಕು.

ಆಮೇಲೆ ಫೋನ್: 14416. ಇದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. 2022ರಿಂದ ಇದೆ, ಉಚಿತ, ಹಗಲು ರಾತ್ರಿ ಸಿಗುತ್ತೆ. ಕನ್ನಡ ಆರಿಸಿಕೊಂಡರೆ ಆಪ್ತಸಮಾಲೋಚಕರು ಮಾತಾಡುತ್ತಾರೆ, ಬೇಕಾದರೆ ಮನೋವೈದ್ಯರಿಗೆ ಜೋಡಿಸುತ್ತಾರೆ. ಇದನ್ನು ಓದುತ್ತಿರುವ ನಿಮಗೇ ಸಾಯಬೇಕು ಅನ್ನಿಸುತ್ತಿದ್ದರೆ ಈಗಲೇ 14416ಕ್ಕೆ ಫೋನ್ ಮಾಡಿ. ಏನು ಹೇಳಲಿ ಅಂತ ಹೊಳೆಯದಿದ್ದರೆ ‘ನನಗೆ ಸಾಯಬೇಕು ಅನ್ನಿಸ್ತಿದೆ, ಎಲ್ಲಿಂದ ಶುರು ಮಾಡಲಿ ಗೊತ್ತಾಗ್ತಿಲ್ಲ’ ಅನ್ನಿ, ಮುಂದಿನದನ್ನು ಅವರೇ ಕೇಳುತ್ತಾರೆ. ಮನೆಯವರೊಬ್ಬರನ್ನೋ ಗೆಳೆಯರನ್ನೋ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಪೊಲೀಸ್ ಕೇಸ್ ಆಗುತ್ತೆ ಅಂತ ಆಸ್ಪತ್ರೆಗೆ ಹೋಗದವರು ಜಾಸ್ತಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಸಾಯಲು ಪ್ರಯತ್ನಪಟ್ಟವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು, ಶಿಕ್ಷೆ ಕೊಡುವಂತಿಲ್ಲ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ.

ಮನೋವೈದ್ಯರನ್ನು ಕಾಣಲು ಬೆಂಗಳೂರಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆಗಳಿವೆ. ಉಳಿದ ಕಡೆ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೂ ಮಂಗಳವಾರ ಮನೋವೈದ್ಯರು ಬರುತ್ತಾರೆ, ಯಾವ ಮಂಗಳವಾರ ಅಂತ ಕೇಳಿಕೊಂಡೇ ಹೊರಡಿ. ತಾಯತ ಕಟ್ಟಿಸುವುದಿದ್ದರೆ ಕಟ್ಟಿಸಿ, ಆದರೆ ಡಾಕ್ಟರನ್ನು ನೋಡಿದ ಮೇಲೆ. ಜಾಹೀರಾತಿನ ‘ಮೆದುಳಿನ ಟಾನಿಕ್’ಗೆ ದುಡ್ಡು ಸುರಿಯಬೇಡಿ. ಸ್ಫೂರ್ತಿ ತುಂಬುವ ವಿಡಿಯೊ ಕಳಿಸುವುದನ್ನಂತೂ ನಿಲ್ಲಿಸಿ.

ಖಿನ್ನತೆಗೆ ಕೊಟ್ಟ ಮಾತ್ರೆ ಕೆಲಸ ಶುರು ಮಾಡಲು ಕೆಲವು ವಾರ ಬೇಕು. ವಾರಕ್ಕೇ ‘ಏನೂ ಆಗ್ಲಿಲ್ಲ’ ಅಂತ ಬಿಡಿಸಬೇಡಿ. ಸಂಕಟ ಹೆಚ್ಚಾದರೆ ಮುಂದಿನ ಭೇಟಿವರೆಗೆ ಕಾಯದೆ ಅದೇ ದಿನ ಡಾಕ್ಟರಿಗೆ ತಿಳಿಸಿ.