ಮುಖ್ಯಮಂತ್ರಿ ಬಜೆಟ್ ಚರ್ಚೆಗೆ ಉತ್ತರ ಕೊಡುವಾಗ ಪೆನ್ನು ಹಿಡಿದು ಕೇಳುವುದು ಹೇಗೆ?

ಮಾರ್ಚ್ ತಿಂಗಳ ಒಂದು ಸಂಜೆ. ಸಿಂಧನೂರಿನ ನಮ್ಮ ಮನೆಯಲ್ಲಿ ಟಿವಿ ಹಚ್ಚಿತ್ತು. ವಿಧಾನಸಭೆಯಲ್ಲಿ ಮುಖ್ಯಮಂತ್ರಿ ಬಜೆಟ್ ಮೇಲಿನ ಚರ್ಚೆಗೆ ಉತ್ತರ ಕೊಡುತ್ತಿದ್ದರು. ಹತ್ತಿ ಬಿಡಿಸಲು ಹೋಗುವ ಪಕ್ಕದ ಮನೆಯ ಅಕ್ಕ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, ‘ಸರ, ಅಷ್ಟ ಸಾವಿರ ಕೋಟಿ ಅಂತಾರಲ್ರಿ, ನಮ್ ಕಡಿಗಿ ಬಂದದ್ದೆಷ್ಟು?’ ಅಂದರು. ಎರಡು ತಾಸು ಕೇಳಿದ್ದೆ, ಆದರೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತಿನಿಂದ ನೋಟ್‌ಬುಕ್ ಹಿಡಿದೇ ಕೇಳುತ್ತೇನೆ. ಈಗ ನಾಲ್ಕೈದು ಜನ ಸೇರಿ ಕೂರುತ್ತೇವೆ. ನಾವು ಕಲಿತ ವಿಧಾನ ಇಲ್ಲಿದೆ. ಲೆಕ್ಕಕ್ಕೆ 2025ರ ಮಾರ್ಚ್ 7ರಂದು ಸಿದ್ದರಾಮಯ್ಯ ಮಂಡಿಸಿದ 2025-26ರ ಬಜೆಟ್ ತೆಗೆದುಕೊಂಡಿದ್ದೇನೆ. ವರ್ಷ ಯಾವುದಾದರೂ, ಮುಖ್ಯಮಂತ್ರಿ ಯಾರಾದರೂ, ಕೇಳುವ ರೀತಿ ಇದೇ.

1. ಯಾವ ಉತ್ತರ ಎಂದು ಮೊದಲು ಗೊತ್ತುಮಾಡಿಕೊಳ್ಳಿ

ಸರ್ಕಾರದ ನೀತಿಗಳನ್ನು ಮುಖ್ಯಮಂತ್ರಿ ಉದ್ದಕ್ಕೆ ಸಮರ್ಥಿಸಿಕೊಳ್ಳುವ ಸಂದರ್ಭ ಮುಖ್ಯವಾಗಿ ಎರಡು. ಒಂದು, ರಾಜ್ಯಪಾಲರ ಭಾಷಣಕ್ಕೆ ವಂದನೆ ಹೇಳುವ ನಿರ್ಣಯದ ಚರ್ಚೆ. ಅಲ್ಲಿ ರಾಜಕೀಯ ಜಾಸ್ತಿ, ಲೆಕ್ಕ ಕಡಿಮೆ. ಎರಡನೆಯದು ಬಜೆಟ್ ಚರ್ಚೆ. ಸಿದ್ದರಾಮಯ್ಯ ಹಣಕಾಸು ಖಾತೆಯನ್ನು ತಮ್ಮ ಬಳಿಯೇ ಇಟ್ಟುಕೊಂಡು 2025ರಲ್ಲಿ ತಮ್ಮ 16ನೇ ಬಜೆಟ್ ಮಂಡಿಸಿದರು. ಹಾಗಾಗಿ ಚರ್ಚೆಗೆ ಉತ್ತರವೂ ಅವರದೇ. ಈ ಉತ್ತರ ಬರೀ ಶಿಷ್ಟಾಚಾರ ಅಲ್ಲ. ಸದನ ಇಲಾಖೆಗಳ ಅನುದಾನ ಬೇಡಿಕೆಗೆ ಮತ ಹಾಕಬೇಕು, ಖಜಾನೆಯಿಂದ ಹಣ ತೆಗೆಯಲು ಒಪ್ಪಿಗೆ ಕೊಡುವ ಧನವಿನಿಯೋಗ ವಿಧೇಯಕ ಪಾಸಾಗಬೇಕು. ಅಲ್ಲಿವರೆಗೆ ಖಜಾನೆಯಿಂದ ಆ ಹಣ ತೆಗೆಯಲು ಬರುವುದಿಲ್ಲ. ಅನುದಾನಕ್ಕೆ ಮತ ಹಾಕುವ ಅಧಿಕಾರ 224 ಶಾಸಕರ ವಿಧಾನಸಭೆಗೆ ಮಾತ್ರ. ಪರಿಷತ್ತು ಚರ್ಚೆ ಮಾಡಬಹುದು, ಅಷ್ಟೇ.

2. ಮೊತ್ತದ ಜೊತೆ ಕ್ರಿಯಾಪದವನ್ನೂ ಬರೆದುಕೊಳ್ಳಿ

ನನ್ನ ಪ್ರಕಾರ ಇಡೀ ಲೇಖನದಲ್ಲಿ ಇದೊಂದನ್ನು ನೆನಪಿಟ್ಟರೂ ಸಾಕು. ಹಾಳೆಯಲ್ಲಿ ನಾಲ್ಕು ಮನೆ ಮಾಡಿ. ಯೋಜನೆ, ಮೊತ್ತ, ವರ್ಷ, ನಾಲ್ಕನೆಯದು ಕ್ರಿಯಾಪದ. ‘ಇಟ್ಟಿದ್ದೇವೆ’ ಅಂದರೋ, ‘ಬಿಡುಗಡೆ ಮಾಡಿದ್ದೇವೆ’ ಅಂದರೋ, ‘ಖರ್ಚು ಮಾಡಿದ್ದೇವೆ’ ಅಂದರೋ? ಕೇಳುವಾಗ ಮೂರೂ ಒಂದೇ ಅನಿಸುತ್ತವೆ. ಆದರೆ ಮೂರೂ ಬೇರೆ ಬೇರೆ.

ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡ್ಯಾಮಿನಲ್ಲಿ ನಮ್ಮ ಪಾಲಿನ ನೀರು ಇದೆ ಅನ್ನುವುದು ಒಂದು ಮಾತು. ಕಾಲುವೆಗೆ ನೀರು ಬಿಟ್ಟರು ಅನ್ನುವುದು ಇನ್ನೊಂದು. ಮಾನ್ವಿ ಕಡೆಯ ಕೊನೆ ಭಾಗದ ಗದ್ದೆಗೆ ಆ ನೀರು ಹತ್ತಿತಾ ಅನ್ನುವುದು ಮೂರನೆಯದು. ಮೇಲಿನವರಿಗೆ ನೀರು ಬಂದ ದಿನವೇ ಕೆಳಗಿನವರು ರಸ್ತೆ ಮೇಲೆ ಧರಣಿ ಕೂತದ್ದನ್ನು ನಾವು ಎಷ್ಟು ಸಲ ನೋಡಿಲ್ಲ? ಹಣದ ಕಥೆಯೂ ಹಾಗೇ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯನ್ನೇ ನೋಡಿ. 2025-26ಕ್ಕೆ ಅದಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಗೆ ಸೇರಿದ ಹಣ ಅದು. ಉತ್ತರದಲ್ಲಿ ಈ 5,000 ಕೋಟಿ ಬಂದಾಗ ಪಕ್ಕದಲ್ಲಿ ‘ಇಟ್ಟಿದ್ದು’ ಎಂದು ಬರೆಯಿರಿ. ಬಿಡುಗಡೆ, ಖರ್ಚಿನ ಮನೆ ಖಾಲಿ ಬಿಡಿ. ಆ ಖಾಲಿ ಮನೆಗಳೇ ಮುಂದಿನ ವರ್ಷ ನೀವು ಕೇಳಬೇಕಾದ ಪ್ರಶ್ನೆ.

3. ದೊಡ್ಡ ಮೊತ್ತವನ್ನು ನೂರು ರೂಪಾಯಿಗೆ ಇಳಿಸಿ

2025-26ರ ಬಜೆಟ್ ಗಾತ್ರ 4,09,549 ಕೋಟಿ. ಇದನ್ನು ನೂರು ರೂಪಾಯಿ ಅಂದುಕೊಳ್ಳಿ. ಐದು ಗ್ಯಾರಂಟಿಗಳಿಗೆ ಇಟ್ಟಿದ್ದು 51,034 ಕೋಟಿ, ಅಂದರೆ ಹನ್ನೆರಡೂವರೆ ರೂಪಾಯಿ. ನಮ್ಮ ಮಂಡಳಿಯ 5,000 ಕೋಟಿ ಅಂದರೆ 1 ರೂಪಾಯಿ 22 ಪೈಸೆ. ಇಲಾಖೆಗಳ ಮೂಲಕ ಬರುವ ಹಣ ಇದರ ಹೊರಗಿದೆ, ಅದನ್ನೂ ನೆನಪಿಡಬೇಕು. ಆದರೂ ಲೆಕ್ಕ ಹೀಗೆ ಹೇಳಿದರೆ ಅಕ್ಕನಿಗೆ ಒಂದೇ ಸಲಕ್ಕೆ ತಿಳಿಯುತ್ತದೆ.

ಇನ್ನೊಂದು ಲೆಕ್ಕ ತಲೆಗೆ ಇಷ್ಟು ಅಂತ ಭಾಗಿಸುವುದು. ಗೃಹಲಕ್ಷ್ಮಿಗೆ 28,608 ಕೋಟಿ ಇಟ್ಟಿದ್ದರು. ತಿಂಗಳಿಗೆ 2,000 ಅಂದರೆ ಒಬ್ಬ ಮಹಿಳೆಗೆ ವರ್ಷಕ್ಕೆ 24,000 ರೂಪಾಯಿ. ಭಾಗಿಸಿದರೆ ಸುಮಾರು 1 ಕೋಟಿ 19 ಲಕ್ಷ ಮಹಿಳೆಯರಿಗೆ 12 ಕಂತು ಕೊಡುವಷ್ಟು ಹಣ. ಸದನದಲ್ಲಿ ಇದಕ್ಕಿಂತ ದೊಡ್ಡ ಸಂಖ್ಯೆಯ ಫಲಾನುಭವಿಗಳನ್ನು ಹೇಳಿದರೆ, 12 ಕಂತೂ ಎಲ್ಲರಿಗೂ ಮುಟ್ಟುತ್ತದಾ ಎಂದು ಕೇಳಬಹುದು. ಕಂತು ತಡವಾದಾಗ ಮನೆಯಲ್ಲಿ ಏನಾಗುತ್ತದೆ ಎಂದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಇನ್ನೊಂದು ಸಾಲು ಸೇರುತ್ತದೆ.

ಗ್ಯಾರಂಟಿ ಬಗ್ಗೆ ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ. ಬಿಟ್ಟಿ ಭಾಗ್ಯ ಎಂದು ಅದನ್ನು ಹೀಯಾಳಿಸುವುದು ನನಗೆ ಹಿಡಿಸುವುದಿಲ್ಲ. ಗುಳೆ ಹೋಗುವ ನಮ್ಮ ಸೀಮೆಯಲ್ಲಿ ಹೆಣ್ಣುಮಗಳ ಕೈಗೆ ನೇರ ಬರುವ ದುಡ್ಡಿಗೆ ಬೆಲೆ ಇದೆ. ಅದೇ ಕಾರಣಕ್ಕೆ ಲೆಕ್ಕ ಕೇಳಬೇಕು ಅನ್ನುತ್ತೇನೆ.

4. ಯಾವುದನ್ನು ಯಾವುದಕ್ಕೆ ಹೋಲಿಸಿದರು?

‘ಹಿಂದಿನ ಸರ್ಕಾರ ಇಷ್ಟು ಕೊಟ್ಟಿತ್ತು, ನಾವು ಇಷ್ಟು ಕೊಟ್ಟಿದ್ದೇವೆ’ ಎಂಬ ಮಾತು ಪ್ರತಿ ಉತ್ತರದಲ್ಲೂ ಇರುತ್ತದೆ. ಬಜೆಟ್ ಪುಸ್ತಕದಲ್ಲಿ ಒಂದೊಂದು ಬಾಬ್ತಿಗೂ ಮೂರು ಲೆಕ್ಕ ಇರುತ್ತದೆ: ವರ್ಷದ ಮೊದಲು ಹಾಕುವ ಬಜೆಟ್ ಅಂದಾಜು, ವರ್ಷದ ನಡುವೆ ತಿದ್ದಿದ ಪರಿಷ್ಕೃತ ಅಂದಾಜು, ಕೊನೆಗೆ ನಿಜವಾಗಿ ಆದ ಖರ್ಚಿನ ವಾಸ್ತವ ಲೆಕ್ಕ. ಈ ವರ್ಷದ ಅಂದಾಜನ್ನು ಹಿಂದಿನವರ ವಾಸ್ತವ ಖರ್ಚಿಗೆ ಹೋಲಿಸಿದರೆ ಇಂದಿನದು ಯಾವಾಗಲೂ ದೊಡ್ಡದಾಗಿ ಕಾಣುವ ಸಾಧ್ಯತೆ ಜಾಸ್ತಿ. ಎಲ್ಲ ಪಕ್ಷದವರೂ ಹೀಗೆ ಹೋಲಿಸುತ್ತಾರೆ. ಹಣಕಾಸು ಇಲಾಖೆಯ ವೆಬ್‌ಸೈಟಿನಲ್ಲಿ ಬಜೆಟ್ ಪುಸ್ತಕಗಳು ಸಿಗುತ್ತವೆ. ಅಂದಾಜಿಗೆ ಅಂದಾಜು, ಖರ್ಚಿಗೆ ಖರ್ಚು ಇಟ್ಟು ನೋಡಿ.

5. ಸಾಲದ ಮಾತು ಬಂದಾಗ

ಇಲ್ಲಿ ಗದ್ದಲ ಎದ್ದೇ ಏಳುತ್ತದೆ. ವಿರೋಧ ಪಕ್ಷದ ನಾಯಕರು ‘ಒಂದೇ ವರ್ಷಕ್ಕೆ 1,16,000 ಕೋಟಿ ಸಾಲ’ ಅನ್ನುತ್ತಾರೆ. ಮುಖ್ಯಮಂತ್ರಿ ‘ಮಿತಿಯೊಳಗೇ ಇದ್ದೇವೆ’ ಅನ್ನುತ್ತಾರೆ. 2025-26ರ ಲೆಕ್ಕದಲ್ಲಿ ಇಬ್ಬರ ಮಾತೂ ನಿಜ. 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಪ್ರಕಾರ ವಿತ್ತೀಯ ಕೊರತೆ (ಸಾಲ ಬಿಟ್ಟು ಬರುವ ಹಣಕ್ಕಿಂತ ಖರ್ಚು ಎಷ್ಟು ಹೆಚ್ಚು ಅನ್ನುವುದು) ರಾಜ್ಯದ ಒಟ್ಟು ಉತ್ಪನ್ನದ ಶೇ 3ರೊಳಗೆ, ಒಟ್ಟು ಹೊಣೆ, ಅಂದರೆ ಇದುವರೆಗಿನ ಬಾಕಿ ಸಾಲ, ಶೇ 25ರೊಳಗೆ ಇರಬೇಕು. ಆ ವರ್ಷದ ಅಂದಾಜು ಶೇ 2.95 ಮತ್ತು ಶೇ 24.91. ಮಿತಿಯೊಳಗೇ ಇದೆ, ಆದರೆ ಅಂಚಿಗೆ ಬಂದು ನಿಂತಿದೆ.

ಬೇಗ ದಾಟಿಹೋಗುವ ಇನ್ನೊಂದು ಅಂಕಿ ಇದೆ. ಅದು ರಾಜಸ್ವ ಕೊರತೆ, 19,262 ಕೋಟಿ. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನದಂಥ ದಿನದ ಖರ್ಚಿಗೇ ಆದಾಯ ಸಾಲದೆ ಬಂದ ಕೊರತೆ ಇದು. ಬೋರ್‌ವೆಲ್ ಹಾಕಿಸಲು ಸಾಲ ಮಾಡುವುದು ಬೇರೆ, ಸಂತೆ ಖರ್ಚಿಗೆ ಸಾಲ ಮಾಡುವುದು ಬೇರೆ ಅಲ್ವಾ? ಈ ಅಂಕಿ ಬಗ್ಗೆ ಏನು ಹೇಳಿದರು ಎಂದು ಕಿವಿಗೊಟ್ಟು ಕೇಳಿ.

6. ‘ಕೇಂದ್ರ ಕೊಡುತ್ತಿಲ್ಲ’ ಅನ್ನುವ ಮಾತನ್ನು ಎರಡು ಭಾಗ ಮಾಡಿ

ಒಂದು ಭಾಗ ಅಂಕಿ ಸಮೇತ ನಿಜ. ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಹಣದಲ್ಲಿ ಕರ್ನಾಟಕದ ಪಾಲು, ಈ ಹಂಚಿಕೆ ಹೇಗಿರಬೇಕು ಎಂದು ಶಿಫಾರಸು ಮಾಡುವ ಹಣಕಾಸು ಆಯೋಗಗಳಲ್ಲಿ 14ನೆಯದರಲ್ಲಿ ಶೇ 4.713 ಇತ್ತು. 15ನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. ಸೆಸ್, ಸರ್‌ಚಾರ್ಜ್‌ ಹಣವನ್ನಂತೂ ರಾಜ್ಯಗಳಿಗೆ ಹಂಚುವುದೇ ಇಲ್ಲ.

ಇನ್ನೊಂದು ಭಾಗ ರಾಜ್ಯದ ಕೈಯಲ್ಲೇ ಇರುವ ಕೆಲಸ. ನಮ್ಮ ಡ್ಯಾಮಿನ ವಿಷಯದಲ್ಲಿ ಇದು ಸ್ಪಷ್ಟವಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಆ ರಾತ್ರಿ ಕೊಪ್ಪಳ, ರಾಯಚೂರು, ಬಳ್ಳಾರಿಯ ಎಷ್ಟೋ ಮನೆಗಳಲ್ಲಿ ನಿದ್ದೆ ಇರಲಿಲ್ಲ. ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಡ್ಯಾಮ್ ನೋಡಿಕೊಳ್ಳುವ ಮಂಡಳಿಯಲ್ಲಿ ಕೇಂದ್ರವೂ ಇದೆ, ಆಂಧ್ರ, ತೆಲಂಗಾಣವೂ ಇವೆ. ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮಾನಾಂತರ ಜಲಾಶಯ ಕಟ್ಟಲು ಪಕ್ಕದ ರಾಜ್ಯಗಳ ಒಪ್ಪಿಗೆ ಬೇಕು ಅಂದರೆ ಒಪ್ಪೋಣ. ಆದರೆ ಕಾಲುವೆ ರಿಪೇರಿಗೆ ರಾಜ್ಯ ಏನು ಮಾಡಿತು ಅನ್ನುವುದನ್ನು ಬೇರೆ ಸಾಲಿನಲ್ಲಿ ಬರೆಯಿರಿ.

7. ನಮ್ಮ ಭಾಗದ ಎರಡು ಕಾನೂನು

ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿಯ ಅಡಿ ಇಲ್ಲಿನ ಸಿ ಗುಂಪಿನ ಹುದ್ದೆಗಳಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ಸ್ಥಳೀಯರಿಗೆ. ‘ಮೀಸಲಾತಿ ಕೊಟ್ಟಿದ್ದೇವೆ’ ಅಂದರೆ ಸಾಲದು, ಎಷ್ಟು ಹುದ್ದೆ ಖಾಲಿ ಇವೆ, ಎಷ್ಟು ತುಂಬಿದರು ಎಂದು ಹೇಳಬೇಕು. ಮೇಷ್ಟ್ರೇ ಇಲ್ಲದ ಶಾಲೆಗೆ ಶೇಕಡಾವಾರು ಹೇಳಿದರೆ ಮಕ್ಕಳಿಗೆ ಏನು ಬಂತು?

ಎರಡನೆಯದು 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ. ಪರಿಶಿಷ್ಟ ಜಾತಿ, ಪಂಗಡಗಳ ಜನಸಂಖ್ಯೆಗೆ ತಕ್ಕಂತೆ ಶೇ 24.1ರಷ್ಟು ಯೋಜನಾ ಹಣ ಅವರಿಗೆ ಮೀಸಲು. 2025-26ಕ್ಕೆ 42,018 ಕೋಟಿ ಇಟ್ಟರು. ಇದರಲ್ಲಿ ಒಂದು ಭಾಗ ಗ್ಯಾರಂಟಿಗೆ ಹೋಗುತ್ತದೆ. ಫಲಾನುಭವಿಗಳೂ ಅದೇ ಸಮುದಾಯದವರು ಅನ್ನುವುದು ಸರ್ಕಾರದ ಸಮರ್ಥನೆ. ನನಗೆ ಇದು ಸರಿ ಕಾಣುವುದಿಲ್ಲ. ಎಲ್ಲರಿಗೂ ಸಿಗುವ ಯೋಜನೆಗೆ ಆ ಹಣ ಹೋದರೆ ಕೇರಿಯ ಹಾಸ್ಟೆಲ್ಲು, ಗಂಗಾ ಕಲ್ಯಾಣದ ಬೋರ್‌ವೆಲ್ಲು ಹಿಂದೆ ಬೀಳುತ್ತವೆ. ವಾಲ್ಮೀಕಿ ನಾಯಕರು, ಮಾದಿಗರು ಹೆಚ್ಚಿರುವ ನಮ್ಮ ಜಿಲ್ಲೆಗಳಿಗೆ ಇದು ಸಣ್ಣ ವಿಷಯ ಅಲ್ಲ.

8. ಉತ್ತರ ಸಿಗದ ಪ್ರಶ್ನೆಯನ್ನು ಬಿಡಬೇಡಿ

ಚರ್ಚೆಯಲ್ಲಿ ನಮ್ಮ ಶಾಸಕರು ಕೇಳಿದ್ದೇನು ಎಂದು ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳಿ. ಉತ್ತರ ಮುಗಿದ ಮೇಲೆ ಒಂದೊಂದಕ್ಕೇ ಗುರುತು ಹಾಕಿ. ರಾಯಚೂರಿಗೆ ಏಮ್ಸ್ ಬೇಕೆಂದು 2022ರಿಂದ ಜನ ಧರಣಿ ಕೂತರು. ಅದರ ಬಗ್ಗೆ ಒಂದು ವಾಕ್ಯವಾದರೂ ಬಂತಾ?

ಉಳಿದ ಪ್ರಶ್ನೆಗಳನ್ನು ಶಾಸಕರಿಗೆ ಬರೆದು ಕೊಡಿ. ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳಲು ಹೇಳಿ. ಅದಕ್ಕೆ ಸಚಿವರು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕು. ಇಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ. ಶುಲ್ಕ 10 ರೂಪಾಯಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಬರೆಯಿರಿ. 30 ದಿನದಲ್ಲಿ ಉತ್ತರ ಕೊಡಬೇಕು.

ಪಕ್ಕದ ಮನೆ ಅಕ್ಕನ ಪ್ರಶ್ನೆಯನ್ನು ನಾವು ಹೀಗೆ ಬರೆದೆವು: ‘ಸಿಂಧನೂರು ತಾಲ್ಲೂಕಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಮಂಜೂರಾದ ಹಣ ಎಷ್ಟು, ಬಿಡುಗಡೆಯಾದದ್ದು ಎಷ್ಟು, ಖರ್ಚಾದದ್ದು ಎಷ್ಟು? ಕಾಮಗಾರಿವಾರು ಕೊಡಿ.’ ಪೋಸ್ಟಲ್ ಆರ್ಡರ್ ಅಕ್ಕನೇ ತಂದರು. ಅರ್ಜಿಯ ಕೆಳಗೆ ಸಹಿಯೂ ಅವರದೇ.